ವೈರಲ್ ಜ್ವರದ ನಡುವೆ ಮಾತ್ರೆ ತಗೊಂಡು ಮೈಯೆಲ್ಲ ದದ್ದು: ಜೀವನಪೂರ್ತಿ ಅಲರ್ಜಿ ಅಂತಲೇ ಲೆಕ್ಕವಾ?

ಬೆಣ್ಣೆನಗರಿ
ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ 18 ವರ್ಷ. ಹಾಸ್ಟೆಲ್‌ನಲ್ಲಿದ್ದಾಗ ಗಂಟಲು ನೋವು, ಜ್ವರ ಶುರುವಾಗಿ ಮನೆಗೆ ಬಂದಳು. ಟಾನ್ಸಿಲ್ ಮೇಲೆ ಬಿಳಿ ಪೊರೆ ಕಟ್ಟಿತ್ತು. ಕತ್ತಿನ ಎರಡೂ ಕಡೆ ಗಂಟು ಊದಿದ್ದವು. ಹತ್ತಿರದ ಕ್ಲಿನಿಕ್‌ನಲ್ಲಿ ಪೆನಿಸಿಲಿನ್ ಜಾತಿಯ ಅಮಾಕ್ಸಿಸಿಲಿನ್ ಅನ್ನೋ ಆಂಟಿಬಯಾಟಿಕ್ ಕೊಟ್ಟರು. ವಾರ ಕಳೆಯುವ ಹೊತ್ತಿಗೆ ಎದೆ, ಬೆನ್ನಿನ ಮೇಲೆ ಕೆಂಪು ದದ್ದು ಎದ್ದವು. ಮಾರನೇ ದಿನ ಕೈಕಾಲಿಗೂ ಇಳಿದವು. ತುರಿಕೆ ಇದೆ. ಉಸಿರಾಟ ಸರಿಯಾಗಿದೆ, ತುಟಿ ಊದಿಲ್ಲ, ಊಟ ಮಾಡುತ್ತಿದ್ದಾಳೆ.

ಕ್ಲಿನಿಕ್‌ನವರು ಮಾತ್ರೆ ನಿಲ್ಲಿಸಿದರು. ಚೀಟಿಯ ಮೇಲೆ ಕೆಂಪು ಇಂಕಿನಲ್ಲಿ "ಪೆನಿಸಿಲಿನ್ ಅಲರ್ಜಿ" ಅಂತ ಬರೆದರು. ಇನ್ನು ಈ ಜಾತಿಯ ಔಷಧಿ ಯಾವತ್ತೂ ಮುಟ್ಟಬಾರದು ಅಂದರು. ಬೇರೆ ಡಾಕ್ಟರ ಹತ್ತಿರ ಹೋದಾಗ ರಕ್ತ ಪರೀಕ್ಷೆ ಮಾಡಿಸಿ, ಇದು ಎಪ್ಸ್ಟೀನ್-ಬಾರ್ ಅನ್ನೋ ವೈರಸ್, ಆಂಟಿಬಯಾಟಿಕ್ ಬೇಕೇ ಇರಲಿಲ್ಲ ಅಂದರು. ನಮ್ಮತ್ತೆಯವರು ಇದು ನಂಜು, ಬದನೆಕಾಯಿ, ಮೊಟ್ಟೆ ಕೊಡಬೇಡ ಅನ್ನುತ್ತಿದ್ದಾರೆ. ಈ ದದ್ದು ವೈರಸ್ಸಿನದಾ, ಮಾತ್ರೆಯದಾ? ಆ ಕೆಂಪು ಇಂಕಿನ ಮಾತನ್ನು ಅವಳು ಜೀವನಪೂರ್ತಿ ಹೊತ್ತುಕೊಂಡು ತಿರುಗಬೇಕಾ?

ಚರ್ಮ_ಡಾಕ್ಟ್ರು_ಶಿವಮೊಗ್ಗ
ಮೇಡಂ, ನಿಮ್ಮ ಪ್ರಶ್ನೆ ತುಂಬ ಮುಖ್ಯವಾದದ್ದು. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ಮಗಳನ್ನು ನಾನು ನೋಡಿಲ್ಲ. ನೋಡಿರುವ ಡಾಕ್ಟರ ಮಾತೇ ಮೊದಲು, ಇದು ಅದಕ್ಕೆ ಪೂರಕ ಅಷ್ಟೇ.

ಎಪ್ಸ್ಟೀನ್-ಬಾರ್ ಸೋಂಕಿನ ಸಮಯದಲ್ಲಿ ಆಂಪಿಸಿಲಿನ್ ಅಥವಾ ಅಮಾಕ್ಸಿಸಿಲಿನ್ ಕೊಟ್ಟರೆ ಮೈಮೇಲೆ ದದ್ದು ಏಳುತ್ತದೆ ಅನ್ನುವುದು 1960ರ ದಶಕದಿಂದಲೂ ಗೊತ್ತಿರುವ ವಿಷಯ. ಆಗಿನ ವರದಿಗಳಲ್ಲಿ ಹತ್ತರಲ್ಲಿ ಎಂಟು, ಒಂಬತ್ತು ಮಂದಿಗೆ ಬರುತ್ತದೆ ಅಂತಿತ್ತು. ಈಚಿನ ಅಧ್ಯಯನಗಳ ಪ್ರಕಾರ ಸುಮಾರು ಮೂರರಲ್ಲಿ ಒಬ್ಬರಿಗೆ ಬರುತ್ತದೆ. ಮಾತ್ರೆ ಶುರು ಮಾಡಿ ಒಂದು ವಾರದ ಆಸುಪಾಸು, ಮೊದಲು ಎದೆ ಬೆನ್ನು, ಆಮೇಲೆ ಕೈಕಾಲು. ನೀವು ಬರೆದಿರುವುದೂ ಇದೇ.

ವೈರಸ್ಸಿನದಾ, ಮಾತ್ರೆಯದಾ ಅಂತ ಕೇಳಿದಿರಿ. ಎರಡೂ ಸೇರಿದ್ದು ಅನ್ನುವುದೇ ಸರಿಯಾದ ಉತ್ತರ. ಸಾಸಿವೆ ತಣ್ಣನೆಯ ಎಣ್ಣೆಯಲ್ಲಿ ಸುಮ್ನೆ ಕೂತಿರುತ್ತದೆ, ಕಾದ ಎಣ್ಣೆಗೆ ಬಿದ್ದರೆ ಸಿಡಿಯುತ್ತದೆ ಅಲ್ವಾ? ವೈರಸ್ ಬಂದಾಗ ಮೈಯಲ್ಲಿರುವ ಟಿ ಕಣಗಳು, ಅಂದರೆ ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು, ಆ ರೀತಿ ಕಾದಿರುತ್ತವೆ. ಬೇರೆ ಸಮಯದಲ್ಲಿ ಅವು ಗಮನಿಸದೆ ಬಿಡುವ ಔಷಧಿಯನ್ನೂ ಆ ಹೊತ್ತಿನಲ್ಲಿ ಶತ್ರು ಅಂತ ತಿಳಿದು ಕೆರಳುತ್ತವೆ. ಸೋಂಕು ಇಳಿದ ಮೇಲೆ ಈ ಕೆರಳುವಿಕೆಯೂ ಇಳಿಯುತ್ತದೆ. ಅದಕ್ಕೇ ಇಂಥವರಲ್ಲಿ ತುಂಬ ಮಂದಿಗೆ ಮುಂದೆ ಪೆನಿಸಿಲಿನ್ ಜಾತಿಯ ಔಷಧಿ ಏನೂ ಮಾಡುವುದಿಲ್ಲ. ಕೆಲವರಿಗೆ ಮಾತ್ರ ನಿಜವಾದ ಅಲರ್ಜಿ ಉಳಿದುಕೊಳ್ಳುತ್ತದೆ. ಯಾರಿಗೆ ಯಾವುದು ಅಂತ ತಿಳಿಯಲು ಆಮೇಲೆ ಪರೀಕ್ಷೆ ಮಾಡಬೇಕು.

ತಕ್ಷಣ ಬರುವ ಅಲರ್ಜಿ ಬೇರೆ. ಮಾತ್ರೆ ನುಂಗಿದ ಅಥವಾ ಇಂಜೆಕ್ಷನ್ ಕೊಟ್ಟ ಗಂಟೆಯೊಳಗೆ ಗಂಧೆ ಏಳುತ್ತವೆ, ತುಟಿ ಕಣ್ಣು ಊದುತ್ತವೆ, ಉಸಿರು ಕಟ್ಟುತ್ತದೆ, ಬಿಪಿ ಬೀಳುತ್ತದೆ. ಅದಕ್ಕೆ ತೊಡೆಗೆ ಅಡ್ರಿನಲಿನ್ ಇಂಜೆಕ್ಷನ್ ಬೇಕು, ನಿಮಿಷಗಳ ಲೆಕ್ಕ ಅದು. ನಿಮ್ಮ ಮಗಳಿಗೆ ಆಗಿರುವುದು ಅದಲ್ಲ. ಆದರೆ ನಮ್ಮ ಚೀಟಿಗಳಲ್ಲಿ ಎರಡಕ್ಕೂ ಒಂದೇ ಪದ ಬರೆಯುತ್ತಾರೆ. ನನಗೆ ಬೇಜಾರಾಗುವುದು ಇಲ್ಲೇ.

ಈ ಪದ ಯಾಕೆ ಭಾರ ಅಂದರೆ, ನಾಳೆ ಅವಳಿಗೆ ಪೆನಿಸಿಲಿನ್ನೇ ಬೇಕಾಗುವ ಸಂದರ್ಭ ಬರಬಹುದು. ಗರ್ಭಿಣಿಗೆ ಸಿಫಿಲಿಸ್ ಇದ್ದರೆ ಮಗುವನ್ನು ಕಾಪಾಡಲು ಪೆನಿಸಿಲಿನ್ ಬಿಟ್ಟು ನಂಬಿಕೆಗೆ ತಕ್ಕ ಔಷಧಿ ಬೇರೆ ಇಲ್ಲ. ರುಮ್ಯಾಟಿಕ್ ಹೃದ್ರೋಗ ಇರುವ ಮಕ್ಕಳು ಮೂರು ವಾರಕ್ಕೊಮ್ಮೆ ಇದೇ ಇಂಜೆಕ್ಷನ್ ಮೇಲೆ ಬದುಕುತ್ತಾರೆ. ಅಂಥವರ ಚೀಟಿಯಲ್ಲಿ ಸುಮ್ಮನೆ ಈ ಪದ ಇದ್ದರೆ ಎಷ್ಟು ತೊಂದರೆ ಯೋಚಿಸಿ.

ಈಗ ಮಾಡಬೇಕಾದ್ದು: ಅಮಾಕ್ಸಿಸಿಲಿನ್ ಮತ್ತೆ ಕೊಡಬೇಡಿ. ತುರಿಕೆಗೆ ಸೆಟ್ರಿಜಿನ್ ಥರದ್ದು ಡಾಕ್ಟರು ಕೊಟ್ಟಿರುತ್ತಾರೆ, ಸಾಕು. ಈ ವೈರಸ್ಸಿನಲ್ಲಿ ಗುಲ್ಮ ಊದುತ್ತದೆ, ಪೆಟ್ಟು ಬಿದ್ದರೆ ಒಡೆಯುವ ಅಪಾಯ ಉಂಟು. ಮೂರು ನಾಲ್ಕು ವಾರ ಕಬಡ್ಡಿ, ವಾಲಿಬಾಲ್, ಭಾರ ಎತ್ತುವುದು ಯಾವುದೂ ಬೇಡ. ಎಡ ಪಕ್ಕೆಯ ಕೆಳಗೆ ಜೋರು ನೋವು ಬಂದರೆ ತಕ್ಷಣ ಆಸ್ಪತ್ರೆ. ಮೊಟ್ಟೆ, ಬದನೆಕಾಯಿ ವಿಚಾರ: ಅತ್ತೆಯವರ ಕಾಳಜಿ ದೊಡ್ಡದು, ಆದರೆ ಈ ದದ್ದಿಗೂ ಊಟಕ್ಕೂ ಸಂಬಂಧ ಇಲ್ಲ. ಜ್ವರದಲ್ಲಿ ಸೊರಗಿದ ಹುಡುಗಿಗೆ ಮೊಟ್ಟೆ ಒಳ್ಳೆಯದೇ.

ಹಾಸನ_ಮೆಡಿಕಲ್ಸ್
ನಾನು ಔಷಧಿ ಅಂಗಡಿಯವನು, ಡಿ.ಫಾರ್ಮಾ ಓದಿದ್ದೇನೆ. ಡಾಕ್ಟ್ರೇ, ನೀವು ಹೇಳಿದ್ದು ನಾವು ದಿನಾ ನೋಡುವ ಸಂಗತಿ. ಜ್ವರ ಅಂತ ಬಂದವರು "ಸ್ಟ್ರಾಂಗ್ ಆಗಿರೋದು ಕೊಡಿ" ಅನ್ನುತ್ತಾರೆ. ಚೀಟಿ ಇಲ್ಲದೆ ಆಂಟಿಬಯಾಟಿಕ್ ಕೊಡಲ್ಲ ಅಂದರೆ ಪಕ್ಕದ ಅಂಗಡಿಗೆ ಹೋಗುತ್ತಾರೆ. ಆಮೇಲೆ ದದ್ದು ಬಂದಾಗ ಯಾವ ಮಾತ್ರೆ ಅಂತ ಕೇಳಿದರೆ "ಕೆಂಪು ಬಿಳಿ ಕ್ಯಾಪ್ಸೂಲು" ಅನ್ನುತ್ತಾರೆ. ಅರ್ಧಕ್ಕೂ ಜಾಸ್ತಿ ಮಂದಿಯ ಹತ್ತಿರ ಸ್ಟ್ರಿಪ್ ಇರುವುದಿಲ್ಲ.

ಎಲ್ಲರಲ್ಲೂ ಕೇಳಿಕೊಳ್ಳುವುದು ಒಂದೇ. ಮಾತ್ರೆ ಮುಗಿದರೂ ಖಾಲಿ ಸ್ಟ್ರಿಪ್ ಒಂದು ತಿಂಗಳು ಬಿಸಾಡಬೇಡಿ. ಕತ್ತರಿಸಿ ಕೊಟ್ಟರೆ ಹೆಸರು ಇರುವ ಕಡೆಯಿಂದಲೇ ಕೊಡಿ ಅಂತ ಕೇಳಿ. ಇಲ್ಲವಾದರೆ ಬಿಲ್ಲು ತಗೊಳ್ಳಿ.

ಇನ್ನೊಂದು ವಿಚಾರ. ಇಂಜೆಕ್ಷನ್ ಕೊಡುವ ಮುಂಚೆ ಕೈಮೇಲೆ ಟೆಸ್ಟ್ ಡೋಸ್ ಹಾಕಿ, ಊದಲಿಲ್ಲ, ಅಲರ್ಜಿ ಇಲ್ಲ ಅಂತ ತುಂಬ ಮಂದಿ ನಂಬಿರುತ್ತಾರೆ. ವಾರದ ಮೇಲೆ ಬರುವ ಈ ಥರದ ದದ್ದನ್ನು ಆ ಟೆಸ್ಟ್ ಹೇಳುತ್ತದಾ ಡಾಕ್ಟ್ರೇ?

ಚರ್ಮ_ಡಾಕ್ಟ್ರು_ಶಿವಮೊಗ್ಗ
ಹೇಳುವುದಿಲ್ಲ ಸರ್. ಅದು ತಕ್ಷಣದ ಅಲರ್ಜಿಗೆ ಮಾತ್ರ ಸಂಬಂಧಪಟ್ಟದ್ದು, ಅದರಲ್ಲೂ ಪೂರ್ತಿ ಭರವಸೆ ಇಡುವಂತಿಲ್ಲ. ಸ್ಟ್ರಿಪ್ ವಿಷಯ ಹೇಳಿದ್ದು ಬಹಳ ಒಳ್ಳೆಯದಾಯಿತು.

ಕುಡ್ಲದ_ಅಪ್ಪ_ಕೆನಡಾ
ನಾವು ಮಂಗಳೂರಿನವರು, ಈಗ ಮಾಂಟ್ರಿಯಲ್ ಹತ್ತಿರ ಇದ್ದೇವೆ. ನನ್ನ ಮಗನಿಗೆ ಚಿಕ್ಕವನಿದ್ದಾಗ ಕಿವಿ ಸೋಂಕಿಗೆ ಅಮಾಕ್ಸಿಸಿಲಿನ್ ಕೊಟ್ಟು ದದ್ದು ಬಂದಿತ್ತು. ಮೂಗು ಸೋರುತ್ತಿತ್ತು, ವೈರಲ್ ಕೂಡ ಇತ್ತು. ಇಲ್ಲಿ ಅಲರ್ಜಿ ಕ್ಲಿನಿಕ್‌ಗೆ ಕಳಿಸಿದರು. ಅವರೆದುರೇ ಮೊದಲು ಸ್ವಲ್ಪ, ಆಮೇಲೆ ಉಳಿದ ಡೋಸ್ ಕೊಟ್ಟು ಕಾದು ಕೂರಿಸಿದರು. ಏನೂ ಆಗಲಿಲ್ಲ. ಫೈಲಿನಿಂದ ಅಲರ್ಜಿ ಅನ್ನುವುದನ್ನು ತೆಗೆದರು.

ಆಗ ಡಾಕ್ಟರು ತೋರಿಸಿದ ಅಧ್ಯಯನ ಇದೇ ಊರಿನದ್ದು, 2016ರದ್ದು. ಅಮಾಕ್ಸಿಸಿಲಿನ್ ಅಲರ್ಜಿ ಇರಬಹುದು ಅಂತ ಬಂದ 818 ಮಕ್ಕಳಿಗೆ ಹೀಗೆ ಎದುರಲ್ಲೇ ಔಷಧಿ ಕೊಟ್ಟು ನೋಡಿದ್ದಾರೆ. ನೂರಕ್ಕೆ 94 ಮಕ್ಕಳಿಗೆ ಏನೂ ಆಗಲಿಲ್ಲ. ಬೆಣ್ಣೆನಗರಿ ಅಕ್ಕ, ಆ ಚೀಟಿ ನೋಡಿ ಹೆದರಬೇಡಿ. ನಿಧಾನಕ್ಕೆ ಪರೀಕ್ಷೆ ಮಾಡಿಸಿ.

ಚರ್ಮ_ಡಾಕ್ಟ್ರು_ಶಿವಮೊಗ್ಗ
ಜಿನೀವಾದಲ್ಲಿ 2011ರಲ್ಲಿ ಬಂದ ಅಧ್ಯಯನವೂ ಇದೇ ಮಾತು ಹೇಳುತ್ತದೆ. ಪೆನಿಸಿಲಿನ್ ಜಾತಿಯ ಔಷಧಿ ತಗೊಂಡು ತಡವಾಗಿ ದದ್ದು ಬಂದ 88 ಮಕ್ಕಳಿಗೆ ಮತ್ತೆ ಅದೇ ಔಷಧಿ ಕೊಟ್ಟಾಗ 6 ಮಕ್ಕಳಿಗೆ ಮಾತ್ರ ದದ್ದು ಮರಳಿತು. ಅರ್ಧಕ್ಕೂ ಹೆಚ್ಚು ಮಕ್ಕಳಲ್ಲಿ ಯಾವುದಾದರೂ ವೈರಸ್ ಸಿಕ್ಕಿತ್ತು.

ಆದರೆ ದಯವಿಟ್ಟು ಯಾರೂ ಇದನ್ನು ಮನೆಯಲ್ಲಿ ಮಾಡಿ ನೋಡಬೇಡಿ. ಇದು ಅಡ್ರಿನಲಿನ್ ಪಕ್ಕದಲ್ಲಿಟ್ಟುಕೊಂಡು, ಅನುಭವ ಇರುವವರು ಮಾಡುವ ಕೆಲಸ. ಸೋಂಕು ಪೂರ್ತಿ ವಾಸಿಯಾಗಿ ಕೆಲವು ವಾರ ಕಳೆದ ಮೇಲೆ. ಮತ್ತೆ, ಕೆಲವು ದದ್ದುಗಳಿಗೆ ಈ ಪರೀಕ್ಷೆಯನ್ನೇ ಮಾಡುವಂತಿಲ್ಲ. ಬಾಯಿ, ಕಣ್ಣಿನಲ್ಲಿ ಹುಣ್ಣಾಗಿದ್ದರೆ, ಚರ್ಮ ಸುಲಿದಿದ್ದರೆ, ಲಿವರ್ ಕೆಟ್ಟಿದ್ದರೆ ಆ ಔಷಧಿ ಮತ್ತೆ ಯಾವತ್ತೂ ಇಲ್ಲ.

ಬಯಲುಸೀಮೆ_ಹುಡುಗ
ನಮ್ಮ ಅಮ್ಮನಿಗೆ ಡೆಂಗಿ ಆಗಿತ್ತು. ಜ್ವರ ಬಿಟ್ಟ ಮೇಲೆ ಕಾಲೆಲ್ಲ ಕೆಂಪಾಗಿ, ನಡುನಡುವೆ ಬಿಳಿ ಚುಕ್ಕಿ ಚುಕ್ಕಿ. ಅಂಗೈ, ಅಂಗಾಲು ತಡೆಯಲಾರದಷ್ಟು ತುರಿಕೆ. ನೋಡಲು ಬಂದ ನೆಂಟರೆಲ್ಲ ಗ್ಲೂಕೋಸ್ ಬಾಟಲಿ ರಿಯಾಕ್ಷನ್, ಡೋಲೊ ರಿಯಾಕ್ಷನ್ ಅಂದರು. ಅಮ್ಮ ಈಗ ಜ್ವರ ಬಂದರೂ ಪ್ಯಾರಾಸಿಟಮಾಲ್ ಮುಟ್ಟುತ್ತಿಲ್ಲ. ಬದಲಿಗೆ ಮೈಕೈ ನೋವಿನ ಬೇರೆ ಮಾತ್ರೆ ತಗೊಳ್ಳುತ್ತಾರೆ.

ಚರ್ಮ_ಡಾಕ್ಟ್ರು_ಶಿವಮೊಗ್ಗ
ತಮ್ಮಾ, ನೀನು ಬರೆದಿದ್ದು ಡೆಂಗಿ ವಾಸಿಯಾಗುವಾಗ ಬರುವ ದದ್ದಿನ ವರ್ಣನೆಯೇ. ಕೆಂಪು ಚರ್ಮದ ನಡುವೆ ದ್ವೀಪದ ಹಾಗೆ ಬಿಳಿ ಜಾಗ, ಅಂಗೈ ಅಂಗಾಲು ತುರಿಕೆ. ಕೆಲವು ದಿನದಲ್ಲಿ ತಾನಾಗಿ ಹೋಗುತ್ತದೆ. ಮಾತ್ರೆಗೂ ಬಾಟಲಿಗೂ ಸಂಬಂಧವಿಲ್ಲ.

ಅಮ್ಮ ತಗೊಳ್ಳುತ್ತಿರುವ "ಬೇರೆ ಮಾತ್ರೆ" ಯಾವುದು ಅಂತ ಇವತ್ತೇ ನೋಡು. ಐಬುಪ್ರೊಫೆನ್, ಡೈಕ್ಲೊಫೆನಾಕ್, ಆಸ್ಪಿರಿನ್ ಇದ್ದರೆ ಡೆಂಗಿ ಸೀಸನ್‌ನಲ್ಲಿ ಅಪಾಯ. ರಕ್ತ ಸೋರುವುದನ್ನು ಅವು ಹೆಚ್ಚಿಸುತ್ತವೆ. ಮುಂದೆ ಇನ್ನೊಮ್ಮೆ ಡೆಂಗಿ ಬಂದರೆ ಮೊದಲಿಗಿಂತ ಜೋರಾಗಿ ಕಾಡಬಹುದು, ಆಗ ಜ್ವರಕ್ಕೆ ಇರುವ ಸುರಕ್ಷಿತ ಔಷಧಿಯೇ ಪ್ಯಾರಾಸಿಟಮಾಲ್. ನೆಂಟರ ಒಂದು ಮಾತು ಅದನ್ನೇ ಕಿತ್ತುಕೊಂಡಿದೆ. ಅಮ್ಮನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಈ ಭಯ ಬಿಡಿಸು.

ಜ್ವರ ಇರುವಾಗ ಮೈಮೇಲೆ ಸಣ್ಣ ಕೆಂಪು ಚುಕ್ಕಿ ಕಂಡರೆ ಒಂದು ಪಾರದರ್ಶಕ ಗಾಜಿನ ಲೋಟ ಒತ್ತಿ ನೋಡಿ. ಒತ್ತಿದಾಗ ಮಾಯವಾದರೆ ಸಾಮಾನ್ಯ ದದ್ದು. ಮಾಯವಾಗದಿದ್ದರೆ ಚರ್ಮದ ಒಳಗೆ ರಕ್ತ ಸೋರಿದೆ ಅಂತ ಅರ್ಥ, ಆಸ್ಪತ್ರೆಗೆ ಹೋಗಿ.

ತಿಪಟೂರು_ತಾಯಿ
ಮಧ್ಯೆ ಬಂದೆ, ಕ್ಷಮಿಸಿ. ನನ್ನ ಮಗುವಿಗೆ ಹತ್ತು ತಿಂಗಳು. ಮೂರು ದಿನ ಜೋರು ಜ್ವರ ಇತ್ತು, ಸಿರಪ್ ಕೊಟ್ಟೆವು. ಜ್ವರ ಬಿಟ್ಟ ದಿನವೇ ಎದೆ, ಕತ್ತಿನ ಮೇಲೆ ತಿಳಿ ಗುಲಾಬಿ ದದ್ದು. ಮಗು ಆಟ ಆಡಿಕೊಂಡೇ ಇತ್ತು. ಮನೆಯಲ್ಲಿ ಕೆಲವರು ದಡಾರ ಅಂದರು, ಕೆಲವರು ಸಿರಪ್ ಅಲರ್ಜಿ ಅಂದರು.

ಚರ್ಮ_ಡಾಕ್ಟ್ರು_ಶಿವಮೊಗ್ಗ
ಜ್ವರ ಬಿಟ್ಟ ಮೇಲೆ ದದ್ದು, ಮಗು ಗೆಲುವಾಗಿದೆ, ವಯಸ್ಸು ಹತ್ತು ತಿಂಗಳು. ಇದು ರೋಸಿಯೋಲಾ ಇರುವ ಸಾಧ್ಯತೆ ಜಾಸ್ತಿ. ಆರು ತಿಂಗಳಿಂದ ಎರಡು ವರ್ಷದ ಮಕ್ಕಳಲ್ಲಿ ತುಂಬ ಸಾಮಾನ್ಯ. ದಡಾರದಲ್ಲಿ ಹೀಗಲ್ಲ. ಅದರಲ್ಲಿ ಕೆಮ್ಮು, ನೆಗಡಿ, ಕೆಂಗಣ್ಣು ಇರುತ್ತದೆ, ಜ್ವರ ಏರಿರುವಾಗಲೇ ಕಿವಿಯ ಹಿಂದಿನಿಂದ ದದ್ದು ಶುರುವಾಗಿ ಕೆಳಗೆ ಇಳಿಯುತ್ತದೆ. ಮಕ್ಕಳ ಡಾಕ್ಟರಿಗೆ ಒಮ್ಮೆ ತೋರಿಸಿ, ದಡಾರದ ಲಸಿಕೆ ಹಾಕಿಸಿದ್ದೀರಾ ಅಂತ ಕಾರ್ಡ್ ನೋಡಿಕೊಳ್ಳಿ.

ರೋಸಿಯೋಲಾ ತರುವ ವೈರಸ್ಸಿನ ಹೆಸರು ಹ್ಯೂಮನ್ ಹರ್ಪಿಸ್ ವೈರಸ್ 6. ಬಾಲ್ಯದಲ್ಲಿ ಬಂದು ಹೋದ ಮೇಲೂ ನಮ್ಮೆಲ್ಲರ ಮೈಯಲ್ಲಿ ಸದ್ದಿಲ್ಲದೆ ಅಡಗಿರುತ್ತದೆ. ದೊಡ್ಡವರಾದ ಮೇಲೆ ಡ್ರೆಸ್ ಅನ್ನುವ ಗಂಭೀರ ಔಷಧಿ ರಿಯಾಕ್ಷನ್ ಆದಾಗ ಇದೇ ವೈರಸ್ ಮತ್ತೆ ಎದ್ದು ಕೂರುತ್ತದೆ. 1990ರ ದಶಕದ ಕೊನೆಯಲ್ಲಿ ಜಪಾನ್ ಮತ್ತು ಫ್ರಾನ್ಸಿನ ವೈದ್ಯರು ಇದನ್ನು ಗುರುತಿಸಿದರು. ಅಲ್ಲಿಯವರೆಗೆ ಒಂದೇ ದಿಕ್ಕಿನಲ್ಲಿ ಯೋಚಿಸುತ್ತಿದ್ದೆವು, ವೈರಸ್ ಇದ್ದಾಗ ಔಷಧಿ ದದ್ದು ತರುತ್ತದೆ ಅಂತ. ಔಷಧಿಯೂ ಮಲಗಿದ್ದ ವೈರಸ್ಸನ್ನು ಎಬ್ಬಿಸಬಲ್ಲದು ಅನ್ನುವುದು ಆಗ ಗೊತ್ತಾಯಿತು. ನನಗೆ ಈ ಇಡೀ ವಿಷಯದಲ್ಲಿ ಅತಿ ಕುತೂಹಲ ಹುಟ್ಟಿಸುವ ಸಂಗತಿ ಇದು.

ಡ್ರೆಸ್ ಬರುವುದು ತಡವಾಗಿ, ಔಷಧಿ ಶುರುವಾಗಿ ಎರಡರಿಂದ ಎಂಟು ವಾರಕ್ಕೆ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಕಾರ್ಬಮಾಜೆಪಿನ್, ಗೌಟ್‌ಗೆ ಕೊಡುವ ಅಲೋಪ್ಯೂರಿನಾಲ್, ಕುಷ್ಠಕ್ಕೆ ಕೊಡುವ ಡ್ಯಾಪ್ಸೋನ್ ಇದರಲ್ಲಿ ಹೆಚ್ಚು ಕಾಣುತ್ತವೆ. ಜ್ವರ, ಮುಖ ಊತ, ಗಂಟು ಊತ, ಮೈಯೆಲ್ಲ ದದ್ದು. ರಕ್ತದಲ್ಲಿ ಇಯೊಸಿನೊಫಿಲ್ ಅನ್ನುವ ಬಿಳಿ ರಕ್ತಕಣ ಏರಿರುತ್ತದೆ, ಲಿವರ್ ಊದಿರುತ್ತದೆ. ತಿಂಗಳ ಹಿಂದೆ ಶುರುವಾದ ಮಾತ್ರೆಯನ್ನು ಯಾರೂ ಅನುಮಾನಿಸುವುದಿಲ್ಲ. ವೈರಲ್ ಜ್ವರ ಅಂತ ಅದೇ ಮಾತ್ರೆ ಮುಂದುವರಿಸುತ್ತಾರೆ. ಇದರಲ್ಲಿ ಹತ್ತರಲ್ಲಿ ಒಬ್ಬರವರೆಗೂ ಜೀವ ಹೋಗಿದೆ. ಫಿಟ್ಸ್ ಮಾತ್ರೆಯವರಿಗೆ ಇನ್ನೊಂದು ಎಚ್ಚರಿಕೆ: ಫೆನಿಟಾಯಿನ್‌ನಲ್ಲಿ ಹೀಗಾದರೆ ಕಾರ್ಬಮಾಜೆಪಿನ್, ಫಿನೊಬಾರ್ಬಿಟೋನ್‌ಗೆ ಬದಲಿಸುವುದೂ ಅಪಾಯ. ಮೂರೂ ಒಂದೇ ಬಳಗದವು.

ಕೃಷ್ಣಾತೀರ
ಬಾಗಲಕೋಟೆ ಕಡೆಯವನ್ರೀ ನಾನು. ಇಲ್ಲಿ ಹೆಸರು ಹೇಳುವುದಿಲ್ಲ, ಹೆಚ್‌ಐವಿ ಇರುವವನು. ಹಳೆಯ ಕಾಲದಲ್ಲಿ ನನಗೆ ನೆವಿರಾಪಿನ್ ಇದ್ದ ಮಾತ್ರೆ ಕೊಟ್ಟಿದ್ದರು. ಮೊದಲ ತಿಂಗಳೊಳಗೆ ಮೈಯೆಲ್ಲ ದದ್ದು, ಜ್ವರ, ಕಣ್ಣು ಹಳದಿ. ಊರಿನ ಒಬ್ಬರು ಬೇವಿನ ಸೊಪ್ಪಿನ ಸ್ನಾನ ಮಾಡು, ಮೈಯೊಳಗಿನ ವಿಷ ಹೊರಗೆ ಬರುತ್ತಿದೆ, ಒಳ್ಳೆಯ ಲಕ್ಷಣ ಅಂದರು. ಪುಣ್ಯಕ್ಕೆ ನಮ್ಮ ಕೌನ್ಸೆಲರ್ ಅಕ್ಕ ಫೋನ್ ಮಾಡಿದವರು, ಹಿಂದೆ ಮುಂದೆ ನೋಡದೆ ಈಗಲೇ ಬಸ್ ಹತ್ತಿ ಬಾ ಅಂದರು. ಮಾತ್ರೆ ಬದಲಿಸಿದರು, ಅಡ್ಮಿಟ್ ಮಾಡಿಕೊಂಡರು. ಅವರ ಋಣ ನನ್ನ ಮೇಲಿದೆ.

ಬರೆಯುತ್ತಿರುವುದು ಯಾಕೆಂದರೆ, ಈಗಲೂ ನನ್ನಂಥವರು ದದ್ದು ಬಂತು ಅಂತ ಯಾರಿಗೂ ಹೇಳದೆ ಮಾತ್ರೆ ಬಿಟ್ಟುಬಿಡುತ್ತಾರೆ. ಮೈಮೇಲೆ ಕಾಣುವ ದದ್ದು ಅಂದರೆ ಊರಿಗೆಲ್ಲ ಗೊತ್ತಾಗುತ್ತದೆ ಅನ್ನುವ ಭಯ. ಆ ಭಯ ನನಗೆ ಗೊತ್ತು. ಇನ್ನು ಕೆಲವರು ದದ್ದು ಬಂದರೂ ಸುಮ್ನೆ ನುಂಗುತ್ತಾರೆ. ಎರಡರಲ್ಲೂ ಜೀವಕ್ಕೆ ಅಪಾಯ.

ಮೈಸೂರು_ಸಿಸ್ಟರ್
ಅಣ್ಣಾ, ನೀವು ಇದನ್ನು ಬರೆದಿದ್ದಕ್ಕೆ ತುಂಬ ಧನ್ಯವಾದ. ನಾನು ಎಆರ್‌ಟಿ ಕೇಂದ್ರದಲ್ಲಿ, ಅಂದರೆ ಹೆಚ್‌ಐವಿ ಚಿಕಿತ್ಸೆ ಕೊಡುವ ಕೇಂದ್ರದಲ್ಲಿ, ಸ್ಟಾಫ್ ನರ್ಸ್.

ನಮ್ಮ ದೇಶದಲ್ಲಿ ಸರ್ಕಾರ ಹೆಚ್‌ಐವಿ ಮಾತ್ರೆಯನ್ನು ಉಚಿತವಾಗಿ ಕೊಡಲು ಶುರು ಮಾಡಿದ್ದು 2004ರ ಏಪ್ರಿಲ್ 1ರಂದು. ಆಗ ಸೋಂಕು ಹೆಚ್ಚಿದ್ದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಮೊದಲ ವರ್ಷಗಳಲ್ಲಿ ಕೊಡುತ್ತಿದ್ದ ಮಾತ್ರೆಗಳಲ್ಲಿ ನೆವಿರಾಪಿನ್ ಇರುತ್ತಿತ್ತು. ಅದರ ದದ್ದು ಮೊದಲ ಆರು ವಾರದಲ್ಲಿ ಜಾಸ್ತಿ. ಅದಕ್ಕೇ ಮೊದಲ 14 ದಿನ ದಿನಕ್ಕೆ ಒಂದೇ 200 ಮಿಲಿಗ್ರಾಂ ಕೊಟ್ಟು, ಏನೂ ಆಗದಿದ್ದರೆ ಎರಡು ಸಲಕ್ಕೆ ಏರಿಸುತ್ತಿದ್ದರು. ಸಿಡಿ4, ಅಂದರೆ ರಕ್ತದಲ್ಲಿನ ರೋಗನಿರೋಧಕ ಕಣಗಳ ಎಣಿಕೆ, ಚೆನ್ನಾಗಿದ್ದವರಿಗೇ ಈ ಅಪಾಯ ಹೆಚ್ಚು. ಹೆಂಗಸರಲ್ಲಿ 250ಕ್ಕಿಂತ ಮೇಲೆ, ಗಂಡಸರಲ್ಲಿ 400ಕ್ಕಿಂತ ಮೇಲೆ ಇದ್ದರೆ ಲಿವರ್ ಕೆಡುವುದು ಜಾಸ್ತಿ ಅಂತ ಕಂಡುಬಂದಿತ್ತು.

ಈಗ ಹೊಸಬರಿಗೆ ಕೊಡುವುದು ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿದ ಒಂದೇ ಮಾತ್ರೆ. ಇದರಲ್ಲಿ ದದ್ದು ಬಹಳ ಕಡಿಮೆ. ಆದರೂ ದದ್ದಿನವರು ಬರುತ್ತಲೇ ಇರುತ್ತಾರೆ. ಕಾರಣ ಸಾಮಾನ್ಯವಾಗಿ ಜೊತೆಗೆ ಕೊಡುವ ಕೋಟ್ರೈಮಾಕ್ಸಜೋಲ್, ಜನ ಸೆಪ್ಟ್ರಾನ್ ಅನ್ನುವ ಮಾತ್ರೆ. ಸಿಡಿ4 ಕಡಿಮೆ ಇರುವವರನ್ನು ನ್ಯುಮೋನಿಯಾದಿಂದ ಕಾಪಾಡಲು ಅದು ಬೇಕೇ ಬೇಕು. ಹೆಚ್‌ಐವಿ ಇಲ್ಲದವರಲ್ಲಿ ಅದರ ದದ್ದು ನೂರಕ್ಕೆ ಮೂರ್ನಾಲ್ಕು ಮಂದಿಗೆ ಬಂದರೆ, ಹೆಚ್‌ಐವಿ ಇರುವವರಲ್ಲಿ ಎಷ್ಟೋ ಪಟ್ಟು ಜಾಸ್ತಿ. ಎಂಟರಿಂದ ಹನ್ನೆರಡನೇ ದಿನಕ್ಕೆ ಬರುತ್ತದೆ. ಎರಡೂ ಮಾತ್ರೆ ಹೆಚ್ಚುಕಡಿಮೆ ಒಂದೇ ಸಮಯಕ್ಕೆ ಶುರುವಾಗಿರುತ್ತವೆ. ಮನೆಯವರು ಹೆಚ್‌ಐವಿ ಮಾತ್ರೆಯನ್ನೇ ಬೈದು ಅದನ್ನೇ ನಿಲ್ಲಿಸುತ್ತಾರೆ. ನನಗೆ ಸಂಕಟವಾಗುವುದು ಇದಕ್ಕೇ.

ಎಲ್ಲ ದದ್ದೂ ಮಾತ್ರೆಯದ್ದಲ್ಲ ಅನ್ನುವುದನ್ನೂ ಹೇಳಬೇಕು. ಹೆಚ್‌ಐವಿಯಲ್ಲೇ ಕೈಕಾಲಿನ ಮೇಲೆ ತುಂಬ ತುರಿಸುವ ಸಣ್ಣ ಗುಳ್ಳೆ ಬರುತ್ತವೆ, ಮಾತ್ರೆ ಮುಂದುವರಿಸಿದರೆ ಅವು ಇಳಿಯುತ್ತವೆ. ಚಿಕಿತ್ಸೆ ಶುರುವಾದ ಮೇಲೆ ರೋಗನಿರೋಧಕ ಶಕ್ತಿ ಮರಳುವಾಗ ಸರ್ಪಸುತ್ತು ಏಳುವುದುಂಟು. ಅಂಗೈ ಅಂಗಾಲಿನ ಮೇಲೆ ತುರಿಕೆಯಿಲ್ಲದ ದದ್ದು ಇದ್ದರೆ ಸಿಫಿಲಿಸ್ ಪರೀಕ್ಷೆ ಮಾಡಿಸುತ್ತೇವೆ. ಹಾಗಾಗಿ ತೋರಿಸದೆ ಊಹೆ ಮಾಡಬೇಡಿ.

ಹಾಸನ_ಮೆಡಿಕಲ್ಸ್
ಸಿಸ್ಟರ್, ಹೆಚ್‌ಐವಿಯಲ್ಲಿ ಸೆಪ್ಟ್ರಾನ್ ದದ್ದು ಯಾಕೆ ಅಷ್ಟು ಜಾಸ್ತಿ?

ಚರ್ಮ_ಡಾಕ್ಟ್ರು_ಶಿವಮೊಗ್ಗ
ಇದಕ್ಕೆ ನಾನು ಉತ್ತರಿಸುತ್ತೇನೆ. ಸೆಪ್ಟ್ರಾನ್‌ನಲ್ಲಿರುವ ಸಲ್ಫಾ ಔಷಧಿ ಲಿವರ್‌ನಲ್ಲಿ ಕರಗುವಾಗ ಒಂದಿಷ್ಟು ಭಾಗ ಕೆರಳಿಸುವ ರೂಪಕ್ಕೆ ತಿರುಗುತ್ತದೆ. ಆರೋಗ್ಯವಂತರಲ್ಲಿ ಗ್ಲುಟಾಥಯೋನ್ ಅನ್ನುವ ವಸ್ತು ಅದನ್ನು ತಣಿಸುತ್ತದೆ. ಹೆಚ್‌ಐವಿ ಇರುವವರಲ್ಲಿ ಅದು ಕಡಿಮೆ. ಜೊತೆಗೆ ರೋಗನಿರೋಧಕ ಕಣಗಳ ಹದ ತಪ್ಪಿರುತ್ತದೆ. ಕಾರಣ ಇದೊಂದೇ ಅಂತಲ್ಲ, ಆದರೆ ದೊಡ್ಡ ಪಾಲು ಇದರದು.

ಈ ಪಾಠವನ್ನು ಜಗತ್ತು ಕಲಿತದ್ದು ಬಹಳ ನೋವಿನಿಂದ. ಥಯಾಸಿಟಜೋನ್ ಅಂತ ಕ್ಷಯಕ್ಕೆ ಕೊಡುವ ಅಗ್ಗದ ಮಾತ್ರೆ ಇತ್ತು. ಆಫ್ರಿಕಾದಲ್ಲಿ ಹೆಚ್‌ಐವಿ ಹರಡಿದಾಗ ಅದನ್ನು ತಗೊಂಡವರ ಚರ್ಮ ಸುಲಿಯತೊಡಗಿತು, ಹಲವರು ಸತ್ತರು. 1991ರಲ್ಲಿ ನೈರೋಬಿಯಿಂದ ಬಂದ ವರದಿ ಇದನ್ನು ಸ್ಪಷ್ಟ ಮಾಡಿತು. ಆಮೇಲೆ ಹೆಚ್‌ಐವಿ ಇರುವವರಿಗೆ ಅದನ್ನು ಕೊಡಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಬಡವರಿಗೆ ಸಿಗುತ್ತಿದ್ದ ಔಷಧಿಯೇ ಬಡವರನ್ನು ಕೊಂದಿತ್ತು.

ಒಳ್ಳೆಯ ಕಥೆಯೂ ಇದೆ. ಅಬಕಾವಿರ್ ಅನ್ನುವ ಹೆಚ್‌ಐವಿ ಮಾತ್ರೆಗೆ ನೂರಕ್ಕೆ ಐದರಿಂದ ಎಂಟು ಮಂದಿಗೆ ಜೋರು ರಿಯಾಕ್ಷನ್ ಬರುತ್ತಿತ್ತು. ಜ್ವರ, ದದ್ದು, ವಾಂತಿ, ಕೆಮ್ಮು, ಪ್ರತಿ ಡೋಸ್‌ಗೂ ಹೆಚ್ಚಾಗುತ್ತಾ ಹೋಗುತ್ತಿತ್ತು. ಎಚ್‌ಎಲ್‌ಎ-ಬಿ 57:01 ಅನ್ನುವ ವಂಶವಾಹಿ ಇರುವವರಿಗೇ ಇದು ಆಗುತ್ತದೆ ಅಂತ ಗೊತ್ತಾಯಿತು. 2008ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಮೊದಲೇ ರಕ್ತ ಪರೀಕ್ಷೆ ಮಾಡಿದ ಗುಂಪಿನಲ್ಲಿ ಖಚಿತವಾದ ಅಬಕಾವಿರ್ ರಿಯಾಕ್ಷನ್ ಒಂದೂ ಆಗಲಿಲ್ಲ. ಆದರೆ ಒಮ್ಮೆ ಈ ರಿಯಾಕ್ಷನ್ ಆಗಿ ನಿಲ್ಲಿಸಿದವರು ಮತ್ತೆ ನುಂಗಿದರೆ ಗಂಟೆಗಳಲ್ಲಿ ಜೀವ ಹೋಗಬಹುದು. ಮಕ್ಕಳ ಹೆಚ್‌ಐವಿ ಚಿಕಿತ್ಸೆಯಲ್ಲಿ ಈಗಲೂ ಅಬಕಾವಿರ್ ಇದೆ, ತಂದೆತಾಯಿಗಳಿಗೆ ಇದು ಗೊತ್ತಿರಬೇಕು.

ಬಯಲುಸೀಮೆ_ಹುಡುಗ
ಡಾಕ್ಟ್ರೇ, ಇಷ್ಟೆಲ್ಲ ಓದಿದ ಮೇಲೆ ನಮ್ಮಂಥವರಿಗೆ ಒಂದೇ ಪ್ರಶ್ನೆ. ಯಾವ ದದ್ದಿಗೆ ರಾತ್ರೋರಾತ್ರಿ ಓಡಬೇಕು?

ಚರ್ಮ_ಡಾಕ್ಟ್ರು_ಶಿವಮೊಗ್ಗ
ತುರಿಕೆಗಿಂತ ನೋವು, ಉರಿ ಜಾಸ್ತಿ ಇದ್ದರೆ. ಇದನ್ನು ಮೊದಲು ಹೇಳುತ್ತಿದ್ದೇನೆ, ಯಾಕೆಂದರೆ ಇದನ್ನೇ ಎಲ್ಲರೂ ಮರೆಯುತ್ತಾರೆ. ಬಟ್ಟೆ ತಾಗಿದರೂ ಚರ್ಮ ನೋಯುತ್ತದೆ ಅಂದರೆ ಕಾಯಬೇಡಿ. ಬಾಯಿಯೊಳಗೆ ಹುಣ್ಣು, ಕಣ್ಣು ಕೆಂಪು, ಮೂತ್ರ ಮಾಡುವಾಗ ಉರಿ ಅಥವಾ ಗುಪ್ತಾಂಗದಲ್ಲಿ ಹುಣ್ಣು, ದದ್ದು ಕಪ್ಪು ನೇರಳೆ ಬಣ್ಣಕ್ಕೆ ತಿರುಗುವುದು, ನೀರು ತುಂಬಿದ ಬೊಬ್ಬೆ, ಉಜ್ಜಿದರೆ ಸಿಪ್ಪೆ ಬರುವುದು. ಇವು ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮ್ ಅನ್ನುವ, ಚರ್ಮ ಸುಲಿಯುವ ಗಂಭೀರ ಔಷಧಿ ರಿಯಾಕ್ಷನ್‌ನ ಲಕ್ಷಣ. ಮೈಯ ಶೇಕಡ 30ಕ್ಕಿಂತ ಹೆಚ್ಚು ಚರ್ಮ ಸುಲಿದರೆ ಮೂವರಲ್ಲಿ ಒಬ್ಬರು ಉಳಿಯುವುದಿಲ್ಲ. ಉಳಿದವರಲ್ಲೂ ಕಣ್ಣಿನ ತೊಂದರೆ ವರ್ಷಗಟ್ಟಲೆ ಇರುತ್ತದೆ. ಹಾಗಾಗಿ ಮೊದಲ ದಿನವೇ ಕಣ್ಣಿನ ಡಾಕ್ಟರು ನೋಡಬೇಕು. ಮುಖ ಊತ, ಕಣ್ಣು ಹಳದಿ, ಉಸಿರಾಟದ ತೊಂದರೆ, ತಲೆಸುತ್ತು ಇದ್ದರೂ ಅಷ್ಟೇ.

ಒಂದು ಗೊಂದಲ ಇದೆ. ಚರ್ಮ ಸುಲಿಯುವ ಒಂದೆರಡು ದಿನ ಮುಂಚೆ ಜ್ವರ, ಗಂಟಲು ನೋವು, ಕೆಂಗಣ್ಣು ಬರುತ್ತದೆ. ನೋಡಿದರೆ ಥೇಟ್ ವೈರಲ್ ಜ್ವರ. ಅದಕ್ಕೆ ಅಂತ ಪ್ಯಾರಾಸಿಟಮಾಲ್ ತಗೊಂಡಿರುತ್ತಾರೆ. ಆಮೇಲೆ ಬೊಬ್ಬೆ ಎದ್ದಾಗ ನಿನ್ನೆ ನುಂಗಿದ ಮಾತ್ರೆಯ ಮೇಲೆ ಅನುಮಾನ ಬೀಳುತ್ತದೆ. ನಿಜವಾದ ಕಾರಣ ಎರಡು ಮೂರು ವಾರದ ಹಿಂದೆ ಶುರುವಾದ ಫಿಟ್ಸ್ ಮಾತ್ರೆಯೋ, ಸಲ್ಫಾ ಮಾತ್ರೆಯೋ ಆಗಿರುತ್ತದೆ, ಅದು ಮುಂದುವರಿಯುತ್ತಲೇ ಇರುತ್ತದೆ. ನಾಲ್ಕು ದಿನದಿಂದ ನಾಲ್ಕು ವಾರದ ಹಿಂದೆ ಶುರುವಾದ ಎಲ್ಲ ಮಾತ್ರೆಗಳನ್ನೂ ಡಾಕ್ಟರ ಮುಂದೆ ಇಡಿ. ನಾಟಿ ಔಷಧಿಯನ್ನೂ ಸೇರಿಸಿ.

ಬೆಣ್ಣೆನಗರಿ
ಎಲ್ಲರ ಉತ್ತರವನ್ನೂ ಮನೆಯಲ್ಲಿ ಓದಿ ಹೇಳಿದೆ. ಮಗಳ ದದ್ದು ಬಾಡುತ್ತಾ ಬಂದಿದೆ, ಮೈ ಸಣ್ಣಗೆ ಹೊಟ್ಟು ಏಳುತ್ತಿದೆ. ಎರಡನೇ ಡಾಕ್ಟರ ಹತ್ತಿರ ಚೀಟಿಯಲ್ಲಿ ಸರಿಯಾಗಿ ಬರೆಸಿಕೊಳ್ಳಬೇಕು ಅಂತಿದ್ದೇನೆ. ಏನೇನು ಬರೆಸಲಿ?

ಚರ್ಮ_ಡಾಕ್ಟ್ರು_ಶಿವಮೊಗ್ಗ
ಬಾಡುತ್ತಿದೆ ಅಂತ ಕೇಳಿ ಖುಷಿಯಾಯಿತು ಮೇಡಂ. ಔಷಧಿಯ ಹೆಸರು, ಯಾವ ದಿನ ಶುರು, ಎಷ್ಟನೇ ದಿನಕ್ಕೆ ದದ್ದು, ಹೇಗಿತ್ತು, ಬಾಯಿ ಕಣ್ಣಿನಲ್ಲಿ ಹುಣ್ಣಿರಲಿಲ್ಲ, ಉಸಿರಾಟ ಸರಿಯಿತ್ತು, ಆಗ ಎಪ್ಸ್ಟೀನ್-ಬಾರ್ ಸೋಂಕು ಇತ್ತು. ಇಷ್ಟು. "ಮುಂದೆ ಪರೀಕ್ಷೆ ಆಗುವವರೆಗೆ ತಾತ್ಕಾಲಿಕವಾಗಿ ತಪ್ಪಿಸಿ" ಅಂತ ಕೊನೆಗೆ ಬರೆಸಿ. ದದ್ದಿನ ಫೋಟೋ ತೆಗೆದಿದ್ದರೆ ತಾರೀಖಿನ ಜೊತೆ ಉಳಿಸಿಕೊಳ್ಳಿ, ವರ್ಷಗಳ ಮೇಲೆ ನೋಡುವ ಡಾಕ್ಟರಿಗೆ ಅದರಿಂದ ಬಹಳ ಉಪಯೋಗ.

ಹಾಸನ_ಮೆಡಿಕಲ್ಸ್
ಇದನ್ನೂ ಸೇರಿಸುತ್ತೇನೆ. ಔಷಧಿ ರಿಯಾಕ್ಷನ್ ಆದರೆ ಸಾಮಾನ್ಯ ಜನರೂ ಸರ್ಕಾರಕ್ಕೆ ತಿಳಿಸಬಹುದು. ಭಾರತದ ಫಾರ್ಮಕೋವಿಜಿಲೆನ್ಸ್ ಕಾರ್ಯಕ್ರಮ 2010ರಿಂದ ಇದೆ. ಉಚಿತ ಸಹಾಯವಾಣಿ 1800-180-3024. ನಮ್ಮ ಬಹಳಷ್ಟು ಮೆಡಿಕಲ್ ಕಾಲೇಜುಗಳಲ್ಲಿ ಇದರ ಕೇಂದ್ರ ಇದೆ. ಅಲ್ಲಿ ತಿಳಿಸಿದರೆ ನಿಮ್ಮ ಹೆಸರು ಹೊರಗೆ ಬರುವುದಿಲ್ಲ.

ಹೊಸ_ಸದಸ್ಯ_ಎರಡು
ಸಿಸ್ಟರ್, ಕೇಳಲು ಧೈರ್ಯ ಮಾಡುತ್ತಿದ್ದೇನೆ. ಎಆರ್‌ಟಿ ಮಾತ್ರೆ, ಸೆಪ್ಟ್ರಾನ್ ಎರಡೂ ಈ ತಿಂಗಳು ಶುರುವಾಗಿವೆ. ನಿನ್ನೆಯಿಂದ ಹೊಟ್ಟೆ, ಬೆನ್ನಿನ ಮೇಲೆ ಕೆಂಪು ದದ್ದು, ತುರಿಕೆ. ಜ್ವರ ಅಷ್ಟೇನೂ ಇಲ್ಲ. ಕೇಂದ್ರಕ್ಕೆ ಹೋಗುವ ತಾರೀಖು ಇನ್ನೂ ದೂರ ಇದೆ. ಅಲ್ಲಿಯವರೆಗೆ ಎರಡನ್ನೂ ನಿಲ್ಲಿಸಿಬಿಡಲೇ?

ಮೈಸೂರು_ಸಿಸ್ಟರ್
ಕೇಳಿದ್ದು ಬಹಳ ಒಳ್ಳೆಯದಾಯಿತು ತಮ್ಮಾ. ತಾರೀಖಿಗೆ ಕಾಯಬೇಡಿ, ಕಾರ್ಡ್ ಹಿಡಿದು ನಾಳೆ ಬೆಳಿಗ್ಗೆಯೇ ಹೋಗಿ. ಸುಸ್ತು, ದದ್ದು, ತೊಂದರೆ ಯಾವುದಿದ್ದರೂ ತಾರೀಖಿಲ್ಲದೆ ನೋಡುತ್ತಾರೆ. ಈಗ ಬಾಯಿ ತೆರೆದು ಕನ್ನಡಿಯಲ್ಲಿ ನೋಡಿಕೊಳ್ಳಿ. ಹುಣ್ಣು ಇದೆಯಾ? ಕಣ್ಣು ಕೆಂಪಾಗಿದೆಯಾ, ಹಳದಿಯಾಗಿದೆಯಾ? ಚರ್ಮ ನೋಯುತ್ತದಾ? ಬೊಬ್ಬೆ ಇದೆಯಾ?

ಹೊಸ_ಸದಸ್ಯ_ಎರಡು
ನೋಡಿದೆ ಸಿಸ್ಟರ್. ಹುಣ್ಣಿಲ್ಲ, ಕಣ್ಣು ಬೆಳ್ಳಗಿದೆ, ನೋವಿಲ್ಲ, ತುರಿಕೆ ಮಾತ್ರ.

ಮೈಸೂರು_ಸಿಸ್ಟರ್
ಸರಿ. ಹಾಗಿದ್ದರೆ ಎಆರ್‌ಟಿ ಮಾತ್ರೆಯನ್ನು ಇವತ್ತು ರಾತ್ರಿ ಎಂದಿನಂತೆ ತಗೊಳ್ಳಿ. ಸೆಪ್ಟ್ರಾನ್‌ನ ಮುಂದಿನ ಡೋಸ್ ನಾಳೆ ಡಾಕ್ಟರು ನೋಡುವವರೆಗೆ ತಡೆಹಿಡಿಯಿರಿ. ಅದು ಆಗದಿದ್ದರೆ ಬೇರೆ ದಾರಿಗಳಿವೆ. ದದ್ದು ಸಣ್ಣದಿದ್ದರೆ ತೀರಾ ಕಡಿಮೆ ಡೋಸ್‌ನಿಂದ ನಿಧಾನಕ್ಕೆ ಏರಿಸಿ ಒಗ್ಗಿಸುತ್ತಾರೆ, ಇಲ್ಲವೇ ಜಿ6ಪಿಡಿ ಅನ್ನುವ ರಕ್ತ ಪರೀಕ್ಷೆ ಮಾಡಿ ಡ್ಯಾಪ್ಸೋನ್ ಕೊಡುತ್ತಾರೆ. ಯಾವುದು ಅಂತ ಅವರು ತೀರ್ಮಾನಿಸಲಿ. ಎಲ್ಲ ಡಬ್ಬಿ, ಸ್ಟ್ರಿಪ್ ಜೊತೆಗೆ ತಗೊಂಡು ಹೋಗಿ. ಈ ರಾತ್ರಿ ಜ್ವರ ಏರಿದರೆ, ಬಾಯಲ್ಲಿ ಹುಣ್ಣು ಕಂಡರೆ, ಮುಖ ಊದಿದರೆ ಎಲ್ಲ ಮಾತ್ರೆ ನಿಲ್ಲಿಸಿ ನೇರ ಕ್ಯಾಶುವಾಲ್ಟಿಗೆ ಹೋಗಿ. ಅಲ್ಲಿ ಯಾವ ಮಾತ್ರೆ ತಗೊಳ್ಳುತ್ತಿದ್ದೀರಿ ಅನ್ನುವುದನ್ನು ಡ್ಯೂಟಿ ಡಾಕ್ಟರಿಗೆ ಮುಚ್ಚಿಡಬೇಡಿ.

ಕೃಷ್ಣಾತೀರ
ತಮ್ಮಾ, ಒಬ್ಬನೇ ಹೋಗಲು ಹಿಂಜರಿಕೆ ಇದ್ದರೆ ಹೆಚ್‌ಐವಿ ಸಹಾಯವಾಣಿ 1097ಕ್ಕೆ ಕರೆ ಮಾಡು, ಹಣ ಹೋಗುವುದಿಲ್ಲ. ಕೇಂದ್ರದಲ್ಲಿ ಕೌನ್ಸೆಲರ್ ಇರುತ್ತಾರೆ, ಮೊದಲು ಅವರ ಕೋಣೆಗೆ ಹೋಗು. ಸಾಲಿನಲ್ಲಿ ಎಲ್ಲರ ಮುಂದೆ ಮೈ ತೋರಿಸಬೇಕಾಗಿಲ್ಲ.

ಹೊಸ_ಸದಸ್ಯ_ಎರಡು
ಆಯಿತಣ್ಣ. ಮಾತ್ರೆ ತಗೊಂಡೆ. ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಡುತ್ತೇನೆ, ಡಬ್ಬಿಗಳನ್ನು ಬ್ಯಾಗಿಗೆ ಹಾಕಿಟ್ಟಿದ್ದೇನೆ.